ತೊರ್ರೆಲಾಮಾದ ಮಕ್ಕಳು ಅಳುವುದಿಲ್ಲ

೧೩ ಫೆಬ್ರವರಿ ೧೯೫೬, ಸೋಮವಾರ

ನಿಂಬೆಹಣ್ಣು ಉಜ್ಜಿದೆ, ಬೂದಿ ಉಜ್ಜಿದೆ. ಬೆರಳು ಕಂದಾಗಿಯೇ ಇವೆ. ಹೊಗೆಸೊಪ್ಪು ವಿಂಗಡಿಸುವ ಕೈ ಅಂತ ದೂರದಿಂದಲೇ ಗೊತ್ತಾಗುತ್ತದೆ. ಅತ್ತೆ ಫಾವಾ ಕಾಳು ಬೇಯಿಸಿ ಹಿಸುಕಿಟ್ಟಿದ್ದರು, ಪಕ್ಕದಲ್ಲಿ ಕಹಿ ಸೊಪ್ಪು. ತಿಂದೆ. ಈ ವರ್ಷದ ಚಳಿ ಅತಿಯಾಯಿತು. ಆಲಿವ್ ಮರದ ಮೇಲೆ ಹಿಮ... ನಮ್ಮ ಬಿಸಿಲ ದಕ್ಷಿಣದಲ್ಲಿ!

ಫ್ಯಾಕ್ಟರಿಯಲ್ಲಿ ಇವತ್ತು ಪ್ರಾರ್ಥನೆ ಹೇಳಿಸುವ ಸರದಿ ನಮ್ಮ ಬೆಂಚಿನದು. ಕೆಲಸದ ಹೊತ್ತಲ್ಲಿ ಮಾತಾಡಿದರೆ ಮನೆಗೆ ಕಳಿಸುತ್ತಾರೆ. ಜಪ ಮಾಡಬಹುದು. ಜಪಕ್ಕೆ ಧಣಿಯ ಅಭ್ಯಂತರವಿಲ್ಲ, ಬಾಯಿ ಕಟ್ಟುತ್ತದೆ, ಕೈ ಕಟ್ಟುವುದಿಲ್ಲ. ಒಬ್ಬಳು ದೇವಮಾತೆಯ ಬಿರುದು ಹೇಳಬೇಕು, ಉಳಿದವರು 'ನಮಗಾಗಿ ಪ್ರಾರ್ಥಿಸು' ಅನ್ನಬೇಕು. 'ಮುಂಜಾವಿನ ನಕ್ಷತ್ರವೇ' ಅಂದೆ. 'ನಮಗಾಗಿ ಪ್ರಾರ್ಥಿಸು' ಅಂದರು. ಅದೇ ರಾಗದಲ್ಲಿ, ಅದೇ ಭಕ್ತಿಯಲ್ಲಿ, 'ಗುರುವಾರ ಸಂಜೆ ಬಾವಿಕಟ್ಟೆಯಲ್ಲಿ ಯೂನಿಯನ್ ಮೀಟಿಂಗು' ಅಂದೆ. 'ನಮಗಾಗಿ ಪ್ರಾರ್ಥಿಸು.' ನಮ್ಮ ಯೂನಿಯನ್ ನಡೆಯುತ್ತಿರುವುದೇ ಹೀಗೆ. ಮೇಲ್ವಿಚಾರಕಿ ಪೊಂಪೀಲಿಯಾ — ಎಲ್ಲರ ಬಾಯಲ್ಲಿ ಮೇಷ್ಟ್ರಮ್ಮ — ಬೆಂಚುಗಳ ಮಧ್ಯೆ ಕೋಲು ಹಿಡಿದು ತಿರುಗುತ್ತಿರುತ್ತಾರೆ. ಅವರಿಗೆ ಕೇಳಿಸುತ್ತದೋ ಇಲ್ಲವೋ ಆ ಮಾತೆಗೇ ಗೊತ್ತು.

ಇದೆಲ್ಲ ಬರೆಯೋಣ ಅಂತ ಕೂತಿರಲಿಲ್ಲ. ಸಂಜೆಯದನ್ನು ಬರೆಯಲು ಕೈ ಬರುತ್ತಿಲ್ಲ, ಅದಕ್ಕೆ.

ದೊನಾತಾ ಪಕ್ಕದ ಮನೆಯವಳು, ಬೆಂಚಿನಲ್ಲೂ ನನ್ನ ಪಕ್ಕದವಳು. ಗಂಡ ಬೆಲ್ಜಿಯಂನ ಕಲ್ಲಿದ್ದಲ ಗಣಿಯಲ್ಲಿದ್ದಾನೆ. ಮಗ ಊಚ್ಚೊಗೆ ಮೂರು ತಿಂಗಳು. ಬೆಳಿಗ್ಗೆ ಎಲ್ಲ ತಾಯಂದಿರ ಹಾಗೆ ಅವಳೂ ಸಂಜೆವರೆಗೆ ಏಳದಿರಲಿ ಅಂತ ಮಗುವಿಗೆ ಗಸಗಸೆ ಕಾಯಿಯ ಕಷಾಯ ಕುಡಿಸಿ, ಬುಟ್ಟಿಯಲ್ಲಿ ಮಲಗಿಸಿ, ಬಾಗಿಲು ಎಳೆದುಕೊಂಡು ಕೆಲಸಕ್ಕೆ ಬಂದಿದ್ದಳು. ಸಂಜೆ ಹೋದರೆ ಮಗು ಏಳುತ್ತಿಲ್ಲ. ತುಟಿ ನೀಲಿ. ನಾನೂ ಅತ್ತೆಯೂ ಓಡಿದೆವು. ಅಂಗಾಲಿಗೆ ಹೊಡೆದೆವು, ಮುಖಕ್ಕೆ ತಣ್ಣೀರು ಎರಚಿದೆವು, ಅತ್ತೆ ಕಾಲು ಹಿಡಿದು ತಲೆಕೆಳಗು ಮಾಡಿದರು. ಕೊನೆಗೆ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟ. ದೊನಾತಾ ಗೋಡೆಗೆ ಒರಗಿ ಕೂತವಳು ಎದ್ದೇ ಇಲ್ಲ.

ಲೆಚ್ಚೆ ಪಟ್ಟಣದಿಂದ ಬಂದವರು ಹೊಗಳುತ್ತಾರೆ, ತೊರ್ರೆಲಾಮಾದ ಮಕ್ಕಳು ಎಷ್ಟು ಒಳ್ಳೆಯವು, ಅಳುವುದೇ ಇಲ್ಲ ಅಂತ.

೧೫ ಫೆಬ್ರವರಿ, ಬುಧವಾರ

ಧಣಿ ಇಪ್ಪಾಸಿಯೊ ಅವರ ಆಫೀಸಿಗೆ ಹೋದೆ, ಯೂನಿಯನ್ ಕಾರ್ಯದರ್ಶಿಯಾಗಿ. ಫ್ಯಾಕ್ಟರಿಯಲ್ಲಿ ಮಕ್ಕಳಿಗೆ ಒಂದು ರೂಮು ಬೇಕು, ತಾಯಂದಿರು ಹಾಲು ಕುಡಿಸಿ ಬರಬೇಕು, ಇಷ್ಟು ಹೆಂಗಸರಿರುವ ಕಡೆ ರೂಮು ಕೊಡಲೇಬೇಕು ಅಂತ ಕಾನೂನೇ ಇದೆ ಅಂದೆ. ಗಟ್ಟಿಯಾಗಿಯೇ ಅಂದೆ. ನಕ್ಕರು. ಕೂರಿಸಿ ಕಾಫಿಯನ್ನೂ ಕೊಟ್ಟರು. ಕಾಫಿ ಕೊಟ್ಟರೆಂದರೆ ಕೆಲಸ ಆಗುವುದಿಲ್ಲ ಅಂತಲೇ ಲೆಕ್ಕ.

"ಕೋಸಿಮಾ, ನಾನೂ ಆ ಕಷಾಯ ಕುಡಿದೇ ದೊಡ್ಡೋನಾದವನು. ಏನಾಗಿದೆ ನನಗೆ?"

"ಅದನ್ನೇ ನೋಡ್ತಾ ಇದೀನಿ ಧಣಿ," ಅಂದೆ.

ಹೊರಗೆ ಬಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕಾನೂನು ಪಾಲಿಸಿದ್ದಾರೋ ಇಲ್ಲವೋ ನೋಡಿ ಆರ್ಡರ್ ಮಾಡಬೇಕಾದವರು ಊರಿನ ಮೇಯರು. ಮೇಯರ್ ಯಾರು? ಅವರೇ. ಯಾರ ವಿರುದ್ಧ ಯಾರಿಗೆ ದೂರು ಕೊಡಲಿ?

೧೧ ಮಾರ್ಚ್, ಭಾನುವಾರ

ವಕೀಲ ತುಂದೊ ಲೆಚ್ಚೆಯಿಂದ ಸ್ಕೂಟರಿನಲ್ಲಿ ಬಂದಿದ್ದರು, ಮೂಗು ಕೆಂಪಗೆ ಮಾಡಿಕೊಂಡು. ಸಮಾಜವಾದಿ ಪಕ್ಷದವರು. ಮೇ ತಿಂಗಳಲ್ಲಿ ಪುರಸಭೆ ಚುನಾವಣೆಯಂತೆ. ನಮ್ಮ ಊರಿನಲ್ಲಿ ಪಕ್ಷದ ತಂಡಕ್ಕೆ ನಾನೇ ಮುಂದಾಳಾಗಬೇಕಂತೆ. ಗೆದ್ದರೆ ಮೇಯರ್. ನನಗೆ ನಗು ಬಂತು. ಯೂನಿಯನ್ ಅಂದರೆ ಎದುರಿಗೆ ಧಣಿ ಇರುತ್ತಾನೆ, ಏನು ಬೇಕೋ ಗೊತ್ತಿರುತ್ತದೆ. ರಾಜಕೀಯ ಅಂದರೆ ಕರಿ ಕೋಟು ಹಾಕಿಕೊಂಡವರು ಬಾರಿನಲ್ಲಿ ಮಾಡುವ ಕೆಲಸ.

"ಕಾಮ್ರೇಡ್, ಯೂನಿಯನ್‌ನಲ್ಲಿದ್ರೆ ರೂಮು ಕೊಡಿ ಅಂತ ಕೇಳಬಹುದು. ಮೇಯರ್ ಆದ್ರೆ ಕೇಳೋದೇ ಇಲ್ಲ, ಕೊಡಿಸೋದು," ಅಂದರು ತುಂದೊ.

ಈ ಮಾತು ಎದೆಗೆ ನಾಟಿತು. ತೋರಿಸಿಕೊಳ್ಳಲಿಲ್ಲ. ಓದಿರುವುದು ಕಮ್ಮಿ, ವಿಧವೆ, ಮೂವತ್ತೆಂಟು ವರ್ಷ, ಯೋಚನೆ ಮಾಡಬೇಕು ಅಂದೆ. ಒಲೆ ಹತ್ತಿರ ಕೂತಿದ್ದ ಅತ್ತೆ ವೀತಾ ತಲೆ ಎತ್ತದೆ ಅಂದರು:

"ಕರ್ಕೊಂಡು ಹೋಗಿ ವಕೀಲರೇ. ಹದಿನೈದು ವರ್ಷದಿಂದ ನನ್ನ ಮೇಲೆ ದರ್ಬಾರು ಮಾಡ್ತಿದಾಳೆ. ಇನ್ನು ಊರೋರೂ ಸ್ವಲ್ಪ ಅನುಭವಿಸಲಿ."

ಅವರ ಮಗ, ನನ್ನ ಗಂಡ, ಗ್ರೀಸಿನ ಯುದ್ಧದಿಂದ ವಾಪಸು ಬರಲಿಲ್ಲ. ಅವತ್ತಿನಿಂದ ನಾವಿಬ್ಬರೇ, ಬೈದುಕೊಂಡು ಬದುಕಿದ್ದೇವೆ. ಆ ಮಾತು ಅನುಮತಿ ಅಂತ ನನಗೆ ಗೊತ್ತಾಯಿತು.

೯ ಏಪ್ರಿಲ್, ಸೋಮವಾರ

ಅಭ್ಯರ್ಥಿಗಳ ಹೆಸರು ಪುರಸಭೆ ಬಾಗಿಲಿಗೆ ಅಂಟಿಸಿದರು. ನಮ್ಮ ಗುರುತು ಸೂರ್ಯ, ಧಣಿಯದು ಗೋಪುರ. ಮಧ್ಯಾಹ್ನ ನನ್ನನ್ನು ಕೆಲಸದಿಂದ ತೆಗೆದರು. ಕಾರಣ: ಎಲೆ ಒರಟಾಗಿ ಹಿಡಿಯುತ್ತೇನಂತೆ. ಹದಿಮೂರನೇ ವಯಸ್ಸಿನಿಂದ ಹಿಡಿಯುತ್ತಿದ್ದೇನೆ, ಇವತ್ತು ಒರಟಾಯಿತು.

ಏಪ್ರನ್ನಿನ ಗಂಟು ಬಿಚ್ಚಲಾಗದೆ ಕಿತ್ತೇ ಕೊಟ್ಟೆ. ಸಿಟ್ಟಿನಿಂದ ಅಂತ ಎಲ್ಲರೂ ಅಂದುಕೊಂಡಿರಲಿ. ಅಳು ಬಂದಿತ್ತು. ಆ ಧೂಳು, ಆ ಕೆಮ್ಮು, ಆ ಹಾಳು ಬೆಂಚು, ಎಲ್ಲ ನನ್ನದು ಅಂತ ಆಗಲೇ ಗೊತ್ತಾಗಿದ್ದು. ಮೇಷ್ಟ್ರಮ್ಮ ಏಪ್ರನ್ ತೆಗೆದುಕೊಂಡು ಮಡಚಿಟ್ಟರು. ಧಣಿಯ ಕಿವಿ ಅಂತಾರೆ ಅವರನ್ನು. ಇರಬಹುದು.

೨೨ ಏಪ್ರಿಲ್, ಭಾನುವಾರ

ಮೊದಲ ಭಾಷಣ. ಕೆಟ್ಟೆ.

ಚೌಕದಲ್ಲಿ ಮೇಜು ಹಾಕಿ ಹತ್ತಿಸಿದರು. ತುಂದೊ ಬರೆದುಕೊಟ್ಟಿದ್ದನ್ನು ಓದಿದೆ. 'ಉತ್ಪಾದನಾ ಸಂಬಂಧಗಳು' ಅನ್ನುವಾಗ ಬಾರಿನ ಮುಂದೆ ಕೂತ ಗಂಡಸರು ಇಸ್ಪೀಟಿಗೆ ವಾಪಸು ಹೋದರು. ಹೆಂಗಸರು ಬಾಲ್ಕನಿಗಳಲ್ಲಿ ನಿಂತಿದ್ದರು, ಪಾಪ, ನನಗೋಸ್ಕರ ಆಕಳಿಕೆ ತಡೆದುಕೊಂಡು. ಕಾಗದ ಜೇಬಿಗೆ ಹಾಕಿದೆ. ಬಾಯಿಗೆ ಬಂದಿದ್ದು ಹೇಳಿದೆ. ನಮ್ಮ ಮಕ್ಕಳಿಗೆ ವಿಷ ಕುಡಿಸಿ ಮಲಗಿಸುತ್ತಿದ್ದೇವೆ ಅಂದೆ. ಫೆಬ್ರವರಿಯಲ್ಲಿ ಒಂದು ಮಗು ಸಾಯುವುದರಲ್ಲಿತ್ತು ಅಂದೆ. ಹೆಸರು ಹೇಳಲಿಲ್ಲ. ಊರೇ ಇಷ್ಟು, ಹೆಸರು ಯಾಕೆ ಬೇಕು?

ಬಾಲ್ಕನಿಗಳು ಒಂದೊಂದಾಗಿ ಖಾಲಿಯಾದವು. ದೊನಾತಾ ಒಳಗೆ ಹೋಗಿ ಕಿಟಕಿ ಹಾಕಿಕೊಂಡ ಸದ್ದು ನನಗೆ ಮೇಜಿನ ಮೇಲೆ ಕೇಳಿಸಿತು.

"ಭಾಷಣ ಚೆನ್ನಾಗಿತ್ತು," ಅಂದರು ತುಂದೊ. ಆ ಮನುಷ್ಯನಿಗೆ ಮಕ್ಕಳಿಲ್ಲ.

೬ ಮೇ, ಭಾನುವಾರ

ಎರಡು ವಾರ ದೊನಾತಾ ಮಾತಾಡಲಿಲ್ಲ. ಬಾವಿಯ ಹತ್ತಿರ ಕಂಡರೆ ಕೊಡ ಅರ್ಧ ತುಂಬಿಸಿಕೊಂಡು ಹೋಗುತ್ತಿದ್ದಳು. ಇವತ್ತು ಊಟದ ಹೊತ್ತಿಗೆ ಬಾಗಿಲು ತಟ್ಟದೆ ಒಳಗೆ ನುಗ್ಗಿದೆ. ಒಣರೊಟ್ಟಿ ನೀರಿಗೆ ಅದ್ದುತ್ತಿದ್ದಳು. ಊಚ್ಚೊ ಬುಟ್ಟಿಯಲ್ಲಿದ್ದ, ಎಚ್ಚರವಾಗಿದ್ದ, ಭಾನುವಾರ ಕಷಾಯ ಇಲ್ಲವಲ್ಲ.

"ಊರೆಲ್ಲ ಸೇರಿಸಿ ನನ್ನ ಕೊಲೆಗಾತಿ ಅಂದೆಯಲ್ಲ ಕೋಸಿಮಾ."

ಅಂದಿದ್ದೆ. ಹಾಗೆ ಅನ್ನಬೇಕು ಅಂತಿರಲಿಲ್ಲ, ಆದರೆ ಅವಳ ಕಿವಿಗೆ ಬಿದ್ದದ್ದು ಅದೇ. ವಿವರಿಸಲು ಹೋಗಲಿಲ್ಲ. ತಪ್ಪಾಯಿತು ಅಂದೆ. ನಿನ್ನ ತಪ್ಪಲ್ಲ, ನಿನಗೆ ಬೇರೆ ದಾರಿ ಇಲ್ಲದ ಹಾಗೆ ಮಾಡಿದವರ ತಪ್ಪು, ಅದನ್ನು ಹೇಳುವ ಭಾಷೆ ನನಗೆ ಬರಲಿಲ್ಲ ಅಂದೆ. ನೆನೆದ ರೊಟ್ಟಿಗೆ ಟೊಮೆಟೊ ಉಜ್ಜಿದಳು. ಆಮೇಲೆ ನನ್ನ ಕಡೆಗೂ ಒಂದು ರೊಟ್ಟಿ ತಳ್ಳಿದಳು.

ಇನ್ನು ಮೇಜಿನ ಮೇಲೆ ಹತ್ತುವುದಿಲ್ಲ. ಮನೆ ಮನೆಗೆ ಹೋಗುತ್ತೇನೆ. ಕೂತು ಮಾತಾಡುತ್ತೇನೆ. ದೊನಾತಾ ಜೊತೆಗೆ ಬರುತ್ತಾಳಂತೆ.

೨೫ ಮೇ, ಶುಕ್ರವಾರ, ಸಂಜೆ

ನಾಡಿದ್ದು ಮತದಾನ. ಎಲ್ಲ ಚೆನ್ನಾಗಿ ನಡೆಯುತ್ತಿತ್ತು. ದೂರದ ಹಳ್ಳಿಗಳ ಹೆಂಗಸರೂ ನಮ್ಮ ಕಡೆ. ಖುಷಿಯಲ್ಲಿದ್ದೆ. ಈಗ ದೊನಾತಾ ಬಂದು ಹೋದಳು. ತಲೆ ಮೇಲೆ ಕೈ ಹೊತ್ತು ಕೂತಿದ್ದೇನೆ.

ಅವಳ ಅಂಗೈಯಲ್ಲಿ ಒಂದು ಆಲಿವ್ ಎಲೆ. ಈಸ್ಟರಿಗೆ ಮುಂಚಿನ ಭಾನುವಾರ ಪಾದ್ರಿಗಳು ಮಂತ್ರಿಸಿಕೊಡುವ ರೆಂಬೆಯದು. ಎಲ್ಲರ ಮಂಚದ ಮೇಲೂ ಇರುತ್ತದೆ. ಕೈಗೂಡಬೇಕಾದ ಯಾವ ಕೆಲಸಕ್ಕೂ ಅದರ ಒಂದು ಎಲೆ ಇಡದ ಹೆಂಗಸು ನಮ್ಮಲ್ಲಿಲ್ಲ. ಮದುಮಗಳ ಚಪ್ಪಲಿಯೊಳಗೆ ಇಡುತ್ತಾರೆ, ಬೆಲ್ಜಿಯಂಗೆ ಹೋಗುವ ಕಾಗದದೊಳಗೆ ಇಡುತ್ತಾರೆ. ನನ್ನ ಮದುವೆಯಲ್ಲೂ ಇಟ್ಟಿದ್ದರು.

"ಎಲ್ಲರಿಗೂ ಹೇಳಿದೀನಿ ಕಣೇ. ಸೂರ್ಯನ ಮೇಲೆ ಗೀಟು ಹಾಕೋದು, ಎಲೆ ಒಳಗಿಟ್ಟು ಮಡಚೋದು. ಹಳ್ಳಿಯೋರೂ ತರ್ತಾರೆ. ನಿನ್ನ ಇನ್ಯಾರೂ ಸೋಲ್ಸಕ್ಕಾಗಲ್ಲ."

ತುಂದೊ ನೂರು ಸಲ ಹೇಳಿದ್ದಾರೆ: ಚೀಟಿಯಲ್ಲಿ ಗೀಟು ಬಿಟ್ಟು ಬೇರೆ ಏನೇ ಇರಲಿ, ಒಳಗೆ ಏನೇ ಸಿಗಲಿ, ಗುರುತು ಹಿಡಿಯಲು ಇಟ್ಟಿದ್ದು ಅಂತ ಆ ವೋಟು ರದ್ದು. ಅವರು ಹೇಳಿದ್ದು ನನಗೆ. ನಾನು ಹೆಂಗಸರಿಗೆ ಹೇಳಲಿಲ್ಲ. ಎಲೆ ಇಡುತ್ತಾರೆ ಅಂತ ನನಗೇ ಹೊಳೆಯಲಿಲ್ಲವಲ್ಲ! ಈ ಊರಿನವಳೇ ನಾನು? ಪ್ರೀತಿಯಿಂದಲೇ ನನ್ನನ್ನು ಮುಳುಗಿಸಲು ಹೊರಟಿದ್ದಾರೆ.

ನಮ್ಮ ಬೀದಿಗೆ ಹೇಳಿದ್ದಾಯಿತು. ಹಳ್ಳಿಗಳಿಗೆ ಈಗ ಹೋಗಿ ಮುಗಿಯುವುದಿಲ್ಲ. ನಾಳೆ ಅಭ್ಯರ್ಥಿ ಪ್ರಚಾರ ಮಾಡುವ ಹಾಗಿಲ್ಲ, ಹೊಸ ಕಾನೂನು. ಫ್ಯಾಕ್ಟರಿ ಗೇಟಿನ ಹತ್ತಿರ ಕಂಡರೆ ಒಳಗೆ ಹಾಕುತ್ತೇವೆ ಅಂತ ಠಾಣೆಯವರು ಆಗಲೇ ಹೇಳಿ ಹೋಗಿದ್ದಾರೆ. ಹಳ್ಳಿಯವರನ್ನು ಧಣಿಯ ಲಾರಿ ನೇರ ಅಂಗಳದೊಳಗೆ ಇಳಿಸುತ್ತದೆ, ದೊನಾತಾಗೂ ಗೇಟಿನಲ್ಲಿ ಸಿಗುವುದಿಲ್ಲ. ಎಲ್ಲರೂ ಒಂದೇ ಕಡೆ ಸೇರುವುದು ನಾಳೆ, ಅದೂ ಫ್ಯಾಕ್ಟರಿಯೊಳಗೆ. ಅಲ್ಲಿ ಬಾಯಿ ಬಿಡುವ ಹಾಗಿಲ್ಲ. ಚುನಾವಣೆ ಅಂತ ಧಣಿಯ ಅಳಿಯ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಪ್ರಾರ್ಥನೆಯ ಸರದಿಯನ್ನೂ ನಿಲ್ಲಿಸಿದ್ದಾರೆ, ಈಗ ಹೇಳಿಸುವುದು ಮೇಷ್ಟ್ರಮ್ಮ ಒಬ್ಬರೇ.

ಒಬ್ಬರೇ.

೨೬ ಮೇ, ಶನಿವಾರ, ಬೆಳಿಗ್ಗೆ

ಮೊದಲ ಪೂಜೆಗೆ ಇಗರ್ಜಿಗೆ ಹೋದೆ. ಎಷ್ಟು ದಿನವಾಗಿತ್ತೋ. ಮೇಷ್ಟ್ರಮ್ಮ ಯಾವಾಗಲಿನ ಜಾಗದಲ್ಲಿ ಮಂಡಿಯೂರಿದ್ದರು. ಪಕ್ಕದಲ್ಲಿ ಮಂಡಿಯೂರಿದೆ. ಪಾದ್ರಿಗಳ ಬೆನ್ನು ನಮ್ಮ ಕಡೆ ಇದ್ದಾಗ ಪಿಸುಗುಟ್ಟಿ ಹೇಳಿದೆ — ಎಲೆ, ಚೀಟಿ, ರದ್ದು. ನನಗೆ ವೋಟು ಹಾಕಿಸಿ ಅಂತ ಕೇಳುತ್ತಿಲ್ಲ, ಎಲೆ ಇಡಬೇಡಿ ಅಂತ ಹೇಳಿ ಸಾಕು ಅಂದೆ. ಗೋಗರೆದೆ ಅಂತಲೇ ಬರೆಯಬೇಕು.

ತಿರುಗಿ ನೋಡಲೂ ಇಲ್ಲ. ಪೂಜೆ ಮುಗಿದ ಮೇಲೆ ಎದ್ದು ಲಂಗದ ಧೂಳು ಕೊಡವಿದರು.

"ಕಲ್ಲು ತಣ್ಣಗಿದೆ. ಎದ್ದೇಳು, ಮಂಡಿ ಹಿಡ್ಕೊಳತ್ತೆ."

ಅಷ್ಟೇ. ಹೋದರು. ಹೋಗಿ ಧಣಿಗೆ ಹೇಳುತ್ತಾರೋ ಏನೋ. ಹೇಳಿದರೆ ಎಲ್ಲ ಮುಗಿಯಿತು, ಇನ್ನಷ್ಟು ಎಲೆ ಅವರೇ ಹಂಚಿಸುತ್ತಾರೆ.

ಸಂಜೆ

ದಿನವಿಡೀ ಮನೆಯೊಳಗೆ ಬೋನಿಗೆ ಬಿದ್ದ ಇಲಿ. ಅತ್ತೆ ಬಟ್ಟೆ ಒಗೆಸಿದರು, ಪಾತ್ರೆ ತಿಕ್ಕಿಸಿದರು, ತೊಳೆದದ್ದನ್ನೇ ಮತ್ತೆ ತೊಳೆಸಿದರು. ಕೈಗೆ ಕೆಲಸ ಕೊಟ್ಟು ನನ್ನನ್ನು ಉಳಿಸಿದರು.

ಕೆಲಸ ಬಿಟ್ಟ ಸೈರನ್ನಿನ ಹಿಂದೆಯೇ ದೊನಾತಾ ಓಡಿ ಬಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ. ನೀರು ಕುಡಿಸಿದೆವು. ಹೇಳಿದಳು. ಮಧ್ಯಾಹ್ನದ ಪ್ರಾರ್ಥನೆ. ಅಳಿಯ ಕುರ್ಚಿಯಲ್ಲಿ. ಮೇಷ್ಟ್ರಮ್ಮ ಎಂದಿನ ಗೊಗ್ಗರು ದನಿಯಲ್ಲಿ 'ಮುಂಜಾವಿನ ನಕ್ಷತ್ರವೇ' ಅಂದರಂತೆ. 'ನಮಗಾಗಿ ಪ್ರಾರ್ಥಿಸು.' 'ರೋಗಿಗಳ ಆರೋಗ್ಯವೇ.' 'ನಮಗಾಗಿ ಪ್ರಾರ್ಥಿಸು.' ಅದೇ ರಾಗ, ಅದೇ ಮುಖ —

"'ಎಲೆ ಇಟ್ಟ ಚೀಟಿ ಕಸದ ಬುಟ್ಟಿಗೆ' ಅಂದ್ಬಿಟ್ರು ಕೋಸಿಮಾ. ಯಾರಿಗೂ ಬಾಯೇ ಬರ್ಲಿಲ್ಲ. ಕೋಲು ತಗೊಂಡು ಬೆಂಚಿಗೆ ಕುಟ್ಟಿದ್ರು ನೋಡು, ಆಗ ಎಲ್ಲ ಸೇರಿ 'ನಮಗಾಗಿ ಪ್ರಾರ್ಥಿಸು' ಅಂದ್ವಿ. 'ಎಲೆ ಮಂಚದ ಮೇಲೇ ಇರಲಿ' ಅಂದ್ರು. 'ಚೀಟಿಗೆ ಗೀಟೊಂದೇ ಸಾಕು' ಅಂದ್ರು. ಮೂರು ಸಲ ಹೇಳ್ಸಿದ್ರು. ಆ ಅಳಿಯ ಮಹರಾಯ ಎದ್ದು ನಿಂತು ಶಿಲುಬೆ ಗುರುತು ಮಾಡ್ಕೊಂಡ!"

ಹೊಗೆಸೊಪ್ಪಿನ ಧೂಳಿಗೆ ಅವನು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾನಂತೆ. ಅತ್ತೆ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

೨೯ ಮೇ, ಮಂಗಳವಾರ

ಗೆದ್ದೆವು. ಕೂದಲೆಳೆಯಲ್ಲಿ.

ಬರೆದು ಮತ್ತೆ ಓದಿದೆ. ಗೆದ್ದೆವು.

ಎಣಿಕೆಯಲ್ಲಿ ಎಲೆಗಳು ಸಿಕ್ಕವು. ನಮ್ಮವರದಲ್ಲ. ಫ್ಯಾಕ್ಟರಿಗೆ ಹೋಗದ, ದೊಡ್ಡ ಮನೆಗಳ ಹೆಂಗಸರು, ಮುದುಕಿಯರು, ಗೋಪುರಕ್ಕೆ ಗೀಟು ಹಾಕಿ ಎಲೆ ಇಟ್ಟಿದ್ದರು. ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಒಂದೊಂದು ಚೀಟಿ ಬಿಚ್ಚಿದಾಗಲೂ ತುಂದೊ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದರು, ಖುಷಿಗೆ. ನನಗೆ ಅಷ್ಟು ಖುಷಿಯಾಗಲಿಲ್ಲ. ಅವರೂ ಯಾರದೋ ಒಳ್ಳೆಯದಾಗಲಿ ಅಂತಲೇ ಇಟ್ಟಿದ್ದು. ಎಲೆಗಳನ್ನು ಗುಡಿಸಿ ಎಸೆಯಲು ಬಂದವನಿಂದ ಇಸಿದುಕೊಂಡು ಇಗರ್ಜಿಗೆ ಕೊಟ್ಟು ಬಂದೆ.

ಆದರೂ ಗೆದ್ದೆವು. ಸುಳ್ಳು ಯಾಕೆ, ಮನೆಗೆ ಬರುವಾಗ ದಾರಿಯಲ್ಲಿ ಯಾರೂ ಇಲ್ಲದ ಕಡೆ ಕುಣಿದೆ.

೧೭ ಜೂನ್, ಭಾನುವಾರ

ಮೇಯರ್ ಆದೆ. ಮೂರು ಬಣ್ಣದ ಪಟ್ಟಿಯನ್ನು ಎದೆಗೆ ಅಡ್ಡ ಕಟ್ಟಿದರು. ಗಂಡಸರ ಅಳತೆಯದು, ಮೊಣಕಾಲಿಗೆ ಇಳಿಯುತ್ತಿತ್ತು. ಅತ್ತೆ ಸಭೆಯ ಮಧ್ಯದಲ್ಲೇ ಬಂದು ಸೂಜಿ ಹಾಕಿ ಗಿಡ್ಡ ಮಾಡಿದರು.

ಸಂಜೆ ಬಾವಿಯ ಹತ್ತಿರ ಮೇಷ್ಟ್ರಮ್ಮ ಸಿಕ್ಕರು. ಧನ್ಯವಾದ ಹೇಳಲು ಬಾಯಿ ತೆರೆದೆ.

"ನಾನು ವೋಟು ಹಾಕಿದ್ದು ಗೋಪುರಕ್ಕೆ," ಅಂದರು. "ಧಣಿ ಉಪ್ಪು ತಿಂದೋಳು ನಾನು. ಮಾತೆಯ ಎಲೆ ಪೊಲೀಸ್ನೋರ ಬೂಟಿನಡಿ ಬೀಳಬಾರದು ಅಂತ ಹೇಳ್ದೆ."

ಆಗಲಿ ಅಂದೆ. ಕೊಡ ಸೊಂಟಕ್ಕೇರಿಸಿಕೊಂಡು ನಾಲ್ಕು ಹೆಜ್ಜೆ ಹೋದವರು ನಿಂತರು.

"ಮಕ್ಕಳ ರೂಮು ಯಾವಾಗ?"

೩ ಅಕ್ಟೋಬರ್, ಬುಧವಾರ

ಬೇಸಿಗೆ ಪೂರ್ತಿ ಬರೆಯಲಿಲ್ಲ. ಬರೆಯುವಂಥದ್ದು ಏನಿತ್ತು? ಮದುವೆ ಮಾಡಿಸಿದೆ, ಚರಂಡಿ ನೋಡಿದೆ, ಬೀದಿನಾಯಿಗಳ ಬಗ್ಗೆ ಸಭೆ ಮಾಡಿದೆ. ಜೂನ್‌ನಲ್ಲೇ ಧಣಿಗೆ ಆರ್ಡರ್ ಕಳಿಸಿದ್ದೆ, ಫ್ಯಾಕ್ಟರಿಯಲ್ಲಿ ಮಕ್ಕಳಿಗೆ ರೂಮು ಕೊಡಿ ಅಂತ. ಕೋರ್ಟಿಗೆ ಹೋದರು. ಕೋರ್ಟಿನಲ್ಲಿ ಗೆಲ್ಲುತ್ತೇವೆ ಅನ್ನುತ್ತಾರೆ ತುಂದೊ, ಎರಡು ವರ್ಷದಲ್ಲಿ. ಎರಡು ವರ್ಷ! ಬೇಸಿಗೆಗೆ ಮುಚ್ಚಿದ ಫ್ಯಾಕ್ಟರಿ ನವೆಂಬರಿನಲ್ಲಿ ಮತ್ತೆ ಶುರು. ಗಸಗಸೆ ಕಾಯಿ ಆಗಲೇ ಒಣಗಿಸಿ ಸೂರಿಗೆ ನೇತುಹಾಕಿದ್ದಾರೆ.

ಸಂತೆಯಲ್ಲಿ ತರಕಾರಿಯವಳು ಕೇಳಿದಳು, ಮೇಯರಮ್ಮ, ರೂಮಿನ ಕೀಲಿ ಸಿಕ್ತಾ ಅಂತ. ಸುತ್ತ ಇದ್ದವರು ನಕ್ಕರು. ನನ್ನ ಬೆಂಚಿನವರೇ. ಕೇಳುವ ಹಕ್ಕಿದೆ ಅವರಿಗೆ. ಮನೆಗೆ ಬಂದು ಬಾಗಿಲು ಒದ್ದೆ. ಕುರ್ಚಿಯ ಮೇಲೆ ಕೂತು ಕೇಳುವುದು, ಬೆಂಚಿನ ಮೇಲೆ ಕೂತು ಕೇಳುವುದು, ಎರಡಕ್ಕೂ ಉತ್ತರ ಅದೇ ಆದರೆ ನಾನು ಯಾಕೆ ಹೋಗಬೇಕಿತ್ತು?

ಪುರಸಭೆಯಲ್ಲೇ ಒಂದು ಜಾಗ ಮಾಡೋಣ ಅಂದರೆ ಜಾಗ ಎಲ್ಲಿದೆ? ಕೆಳಗೆ ಕಡತಗಳು, ತೇವ. ಹಿಂದೆ ಬ್ಯಾಂಡಿನವರ ಡೋಲು. ಅತ್ತೆ ಬಾಗಿಲಿನ ಚಿಲಕ ಸರಿಮಾಡುತ್ತಾ ಕೇಳಿದರು:

"ನಿನ್ನ ಆಫೀಸು ರೂಮು ಏನಾಗಿದೆ? ಬಿಸಿಲು ಬರತ್ತೆ, ಒಲೆ ಇದೆ, ಫ್ಯಾಕ್ಟರಿ ಎದುರಿಗೇ ಇದೆ. ಅಷ್ಟು ದೊಡ್ಡ ರೂಮಲ್ಲಿ ಒಬ್ಬಳೇ ಕೂತು ಏನು ಮೊಟ್ಟೆ ಇಡ್ತೀಯ?"

೪ ಅಕ್ಟೋಬರ್

ಸಭೆಯಲ್ಲಿ ಹೇಳಿದೆ. ನಮ್ಮ ತಂಡದಲ್ಲೇ ಗೆದ್ದು ಸದಸ್ಯರಾಗಿರುವ ತುಂದೊ ಹಣೆ ಹಿಡಿದುಕೊಂಡರು. ಮೇಯರ್ ಸ್ಥಾನಕ್ಕೆ ಒಂದು ಗೌರವ ಇದೆ ಕಾಮ್ರೇಡ್, ಬಂದವರನ್ನು ಎಲ್ಲಿ ಕೂರಿಸುತ್ತೀರಿ ಅಂದರು. ಮೆಟ್ಟಿಲ ಮೇಲೆ ಅಂದೆ. ವೋಟಿಗೆ ಹಾಕಿದೆವು. ಅವರೂ ಕೈ ಎತ್ತಿದರು, ಕೊನೆಗೆ, ಬೈಯುತ್ತಾ.

೧೨ ನವೆಂಬರ್, ಸೋಮವಾರ, ಬೆಳಿಗ್ಗೆ

ಮೆಟ್ಟಿಲ ತಿರುವಿನಲ್ಲಿ ಮೇಜು ಹಾಕಿಕೊಂಡು ಬರೆಯುತ್ತಿದ್ದೇನೆ. ನನ್ನ ಹಳೆಯ ರೂಮು ಬೆನ್ನ ಹಿಂದೆ. ಲೆಚ್ಚೆಯಿಂದ ಬಂದ ನರ್ಸು, ಅತ್ತೆ, ಬಟ್ಟೆ ಹಾಸಿದ ಬುಟ್ಟಿಗಳು.

ಕತ್ತಲಿರುವಾಗಲೇ ಬಂದರು, ಶಾಲಿನೊಳಗೆ ಮಕ್ಕಳನ್ನು ಮುಚ್ಚಿಕೊಂಡು. ಎಲ್ಲರೂ ಬರಲಿಲ್ಲ. ಕೆಲವರಿಗೆ ಇನ್ನೂ ಭಯ. ನರ್ಸು ಒಬ್ಬೊಬ್ಬರನ್ನೂ ಕೇಳಿದಳು, ಇವತ್ತು ಕಷಾಯ ಕೊಟ್ಟಿದ್ದೀರಾ ಅಂತ. ಇಲ್ಲ ಅಂದರು. ಒಬ್ಬಳು ಕೊಟ್ಟಿದ್ದಳು, ಹೇಳಿ ಅತ್ತಳು. ಅವಳ ಮಗುವನ್ನು ಕಿಟಕಿಯ ಹತ್ತಿರ ಮಲಗಿಸಿಕೊಂಡೆವು.

ಸೈರನ್ ಆಯಿತು, ತಾಯಂದಿರು ಹೋದರು. ಆಮೇಲೆ ಶುರುವಾಯಿತು. ಮೊದಲು ಒಂದು, ಅದನ್ನು ಕೇಳಿ ಇನ್ನೊಂದು, ಆಮೇಲೆ ರೂಮಿಗೆ ರೂಮೇ. ಇಂಥ ಗಲಾಟೆ ಈ ಊರು ಕೇಳಿಲ್ಲ. ಬಾರಿನವರು ಹೊರಗೆ ಬಂದು ತಲೆ ಎತ್ತಿ ನೋಡಿದರು. ಗುಮಾಸ್ತ ಕಿವಿ ಮುಚ್ಚಿಕೊಂಡ. ನಾನು ಕಿಟಕಿಗಳನ್ನು ತೆರೆಸಿದೆ, ಚಳಿಯಿದ್ದರೂ ಒಂದು ಗಳಿಗೆ.

ಈಗ ತಾನೇ ಹಾಲು ಕುಡಿಸಲು ಬಂದ ದೊನಾತಾ ಹೇಳಿದಳು. ಸದ್ದು ಚೌಕ ದಾಟಿ ಫ್ಯಾಕ್ಟರಿಯೊಳಗೆ ಬಂತಂತೆ. ಎಲ್ಲರ ಕೈ ನಿಂತಿತಂತೆ. ಮೇಷ್ಟ್ರಮ್ಮ ಪ್ರಾರ್ಥನೆ ನಿಲ್ಲಿಸಿ, ಕಿವಿಗೊಟ್ಟು ಕೇಳಿ, ಇವತ್ತು ಜಪ ಬೇಡ, ಕೇಳಿಸಿಕೊಂಡು ಕೆಲಸ ಮಾಡಿ ಅಂದರಂತೆ.

ಪ್ರಾಂತ್ಯದ ಕಚೇರಿಯಿಂದ ಕಾಗದ ಬಂದಿದೆ, ತೊರ್ರೆಲಾಮಾದ ಮೇಯರ್ ಕಚೇರಿ ಈಗ ಎಲ್ಲಿದೆ ಅಂತ. ಉತ್ತರ ಬರೆಯಬೇಕು. ಒಳಗಿನಿಂದ ಅತ್ತೆ ಕೂಗುತ್ತಿದ್ದಾರೆ, "ಮೇಯರಮ್ಮಾ, ನಂಗಿರೋದು ಎರಡೇ ಕೈ!" ಹೋಗಿ ಊಚ್ಚೊನನ್ನು ಎತ್ತಿಕೊಂಡು ಬಂದೆ. ಹಲ್ಲು ಬಂದಿವೆ, ಭಾರ ಆಗಿದ್ದಾನೆ, ಮುಖವೆಲ್ಲ ಕಣ್ಣೀರು ಸಿಂಬಳ. ಎಡಗೈಯಲ್ಲಿ ಅವನು, ಬಲಗೈಯಲ್ಲಿ ಪೆನ್ನು. ಅಳು ನಿಂತಿತು. ಪೆನ್ನಿನ ಮೇಲೆ ಕಣ್ಣು ಬಿದ್ದಿದೆ. ಕೊಡುವುದಿಲ್ಲ ಕಣೋ, ಸರ್ಕಾರಿ ಕೆಲಸ ಇದೆ ಅಂದರೆ ಕೇಳುತ್ತಾನೆಯೇ, ಕಿತ್ತುಕೊ—